ತೋಪಿನ ದಾಸೋಹ

(ಬೆಂಗಳೂರಿನ ಮಡಿವಾಳದಲ್ಲಿ ಭಕ್ತಾದಿಗಳು ಏರ್ಪಡಿಸಿದ್ದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಪೂಜ್ಯ ಸ್ವಾಮಿಗಳವರು ದಯಪಾಲಿಸಿದ ಆಶೀರ್ವಚನದ ಬರಹರೂಪ)



ಇಂದು ಮುಂಜಾನೆ ಪೂಜೆಗೆ ಮುಂಚೆ ನಾವು ಇಲ್ಲಿಯ ಮಾರುಕಟ್ಟೆಯ ಬೀದಿಯಲ್ಲಿ ಸ್ವಲ್ಪ ದೂರ ನಡೆದು ಬಂದೆವು. ಆನೇಕಲ್ಲು, ಹೊಸೂರುಗಳ ಕಡೆಯಿಂದ ರಾತ್ರಿಯೇ ಬಂದ ಲಾರಿಗಳು, ಎಲೆಕೋಸಿನ ರಾಶಿ, ಟೊಮೆಟೊ ಪೆಟ್ಟಿಗೆಗಳು, ಕೂಗಾಟ, ನೂಕುನುಗ್ಗಲು, ಇವೆಲ್ಲವೂ ನಿಮಗೆ ನಿತ್ಯದ ನೋಟ. ಆ ಗದ್ದಲದ ಅಂಚಿನಲ್ಲಿ ಒಬ್ಬ ತಾಯಿ ಗೋಣಿತಾಟು ಹಾಸಿಕೊಂಡು ನಾಲ್ಕಾರು ಕಟ್ಟು ಸೊಪ್ಪು ಇಟ್ಟುಕೊಂಡು ಕುಳಿತಿದ್ದಳು. ನಾವು ನಿಂತು ಕೇಳಿದೆವು: "ತಾಯಿ, ಇದು ಯಾವ ಸೊಪ್ಪು?"

"ಬೆರಕೆ ಸೊಪ್ಪು ಬುದ್ಧಿ. ಅಣ್ಣೆ ಸೊಪ್ಪು, ಹೊನಗೊನೆ, ಕೀರೆ, ಗಣಿಕೆ ಎಲ್ಲಾ ಐತೆ."

"ಎಲ್ಲಿ ಬೆಳೆದಿರಿ?"

ಆಕೆ ನಕ್ಕಳು. "ಬಿತ್ತಿ ಬೆಳೆಯೋದಲ್ಲ ಬುದ್ಧಿ, ತಾನೇ ಬರ್ತದೆ. ಮೊದಲು ನಮ್ಮೂರ ತೋಪಿನ ಬುಡದಾಗೆ, ಕೆರೆ ಅಂಗಳದಾಗೆ ಕುಯ್ಕೊಂಡು ಬರ್ತಿದ್ವಿ. ಈಗ ತೋಪಿಲ್ಲ. ಇನ್ನೊಂದೆರಡು ವರ್ಷಕ್ಕೆ ಇದೂ ಸಿಕ್ಕಾಕಿಲ್ಲ."

ಆ ತಾಯಿಯ ಮಾತು ನಮ್ಮನ್ನು ಇಲ್ಲಿಯವರೆಗೂ ಹಿಂಬಾಲಿಸಿಕೊಂಡು ಬಂದಿತು. ಆದ್ದರಿಂದ ಇಂದು ಬೇರೆ ವಿಷಯವನ್ನು ಬಿಟ್ಟು ತೋಪಿನ ವಿಷಯವನ್ನೇ ನಿಮ್ಮ ಮುಂದೆ ಇಡುತ್ತೇವೆ. ಬಸ್ಸಾರು, ಮಸ್ಸೊಪ್ಪು ಉಂಡು ಬೆಳೆದ ನಿಮಗೆ ಇದು ಹೊರಗಿನ ವಿಷಯವೇನೂ ಅಲ್ಲ.

ತೋಪು ಎಂದರೆ ಏನು? ಬೆಂಗಳೂರಿನ ಸುತ್ತಲ ಪ್ರತಿಯೊಂದು ಹಳ್ಳಿಗೂ ಒಂದು ಕೆರೆ, ಒಂದು ಗುಡಿ, ಒಂದು ಗುಂಡುತೋಪು ಇರುತ್ತಿದ್ದವು. ಕಂದಾಯದ ಕಡತಗಳಲ್ಲಿ ಈಗಲೂ 'ಗುಂಡುತೋಪು' ಎಂಬ ಹೆಸರು ಉಳಿದಿದೆ. ಅನೇಕ ಕಡೆ ಹೆಸರು ಮಾತ್ರ ಉಳಿದಿದೆ. ಮಾವು, ಹಲಸು, ಹುಣಸೆ, ನೇರಳೆ, ಹೊಂಗೆ, ಬೇವು, ಆಲ, ಅರಳಿ, ಇವುಗಳನ್ನು ಊರವರೇ ಸೇರಿ ನೆಟ್ಟು ಕಾಯುತ್ತಿದ್ದರು. ಹಣ್ಣಿನ ಫಸಲನ್ನು ಹರಾಜು ಹಾಕಿದರೆ ಬಂದ ಹಣ ಊರ ಕೆಲಸಕ್ಕೆ. ಬಿದ್ದ ಹಣ್ಣು ದಾರಿಹೋಕನಿಗೆ, ಮಕ್ಕಳಿಗೆ, ಹಕ್ಕಿಗೆ. ಒಣಗಿದ ಪುಳ್ಳೆ ಬಡವರ ಒಲೆಗೆ. ನೆರಳು ದನಕರುಗಳಿಗೆ. ಬುಡದಲ್ಲಿ ಹುಟ್ಟಿದ ಸೊಪ್ಪು ಆ ತಾಯಿಯಂಥವರ ಮಡಿಲಿಗೆ. ಒಂದೇ ಮರ ಎಷ್ಟು ಜನರಿಗೆ ಎಷ್ಟು ಬಗೆಯಲ್ಲಿ ಬಡಿಸುತ್ತಿತ್ತು, ವಿಚಾರ ಮಾಡಿ. ಇದು ದಾಸೋಹವಲ್ಲದೆ ಮತ್ತೇನು?

ನೀವು ಕುಳಿತಿರುವ ಈ ನೆಲವೂ ಹಿಂದೆ ಅಂಥದ್ದೇ ನೆಲವಾಗಿತ್ತು. ನಿಮ್ಮ ಮಡಿವಾಳದ ಸೋಮೇಶ್ವರ ದೇವಾಲಯದ ಗೋಡೆಗಳ ಮೇಲೆ 13ನೆಯ ಶತಮಾನದ ತಮಿಳು ಶಾಸನಗಳಿವೆ. ಅವು ಹೇಳುವುದು ಕೆರೆಯ ಕೆಳಗಿನ ಗದ್ದೆಗಳನ್ನು ದಾನ ಕೊಟ್ಟ ಸಂಗತಿ. ತಾವರೆಕೆರೆಯ ಹಳೆಯ ಹೆಸರೂ ಅಲ್ಲಿ ಬರುತ್ತದೆ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಮೊದಲ ಅಕ್ಷರಗಳನ್ನು ಇಂಗ್ಲಿಷಿನಲ್ಲಿ ಕೂಡಿಸಿ 'ಬಿ.ಟಿ.ಎಂ.' ಎಂದು ಬಡಾವಣೆಗೆ ಹೆಸರಿಟ್ಟಿದ್ದಾರೆ. ಮೂರು ಊರುಗಳು ಮೂರು ಅಕ್ಷರಗಳಾದವು! ಸುದೈವದಿಂದ ಮಡಿವಾಳದ ಕೆರೆಯೊಂದು ಇನ್ನೂ ಉಳಿದಿದೆ. 250 ಎಕರೆಗೂ ಮಿಗಿಲಾದ ಆ ನೀರಿನ ಅಂಚಿನಲ್ಲಿ ಇಂದಿಗೂ ಹಕ್ಕಿಗಳು ಇಳಿಯುತ್ತವೆ. ಕೆರೆ ಉಳಿಯಿತು, ಗದ್ದೆ ಹೋಯಿತು, ತೋಪು ಹೋಯಿತು.

ಹಾಗಾದರೆ ತೋಪುಗಳು ಉಳಿಯಲೇ ಇಲ್ಲವೇ? ಉಳಿದಿವೆ. ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನಲ್ಲಿ 54 ಎಕರೆಯ ಒಂದು ಹುಣಸೆ ತೋಪಿದೆ. ಸುಮಾರು 300 ಮರಗಳು. ಕೆಲವು ಮರಗಳು ಚೋಳರ ಕಾಲದವೆಂದು ಜನ ನಂಬುತ್ತಾರೆ. ಕಾಂಡ ಟೊಳ್ಳಾಗಿ, ಸೀಳಿ, ನೆಲಕ್ಕೆ ಬಾಗಿ, ಬಾಗಿದಲ್ಲಿಂದಲೇ ಮತ್ತೆ ಚಿಗುರಿವೆ. 2007ರಲ್ಲಿ ಅದನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿದರು. ಇಡೀ ಭಾರತ ದೇಶದಲ್ಲಿ ಆ ಗೌರವ ಪಡೆದ ಮೊಟ್ಟಮೊದಲ ಸ್ಥಳ ಅದು. ನೆಟ್ಟವನ ಹೆಸರು ಯಾರಿಗೂ ಗೊತ್ತಿಲ್ಲ. ಆದರೆ ಅವನು ನೆಟ್ಟ ಹುಣಸೆಯ ಹುಳಿ ಎಷ್ಟು ತಲೆಮಾರುಗಳ ಸಾರಿಗೆ ಬಿದ್ದಿದೆಯೋ ಬಲ್ಲವರು ಯಾರು? ಹೆಸರನ್ನು ಕಲ್ಲಿನ ಮೇಲೆ ಕೊರೆಸಿದವರು ಬಹಳ ಮಂದಿ. ಹೆಸರಿಲ್ಲದೆ ಉಣಬಡಿಸಿದವನೇ ನಿಜವಾದ ದಾಸೋಹಿ.

ಈಗ 'ಕಾಡು ಕೃಷಿ' ಎಂಬ ಮಾತು ಪ್ರಚಾರದಲ್ಲಿದೆ. ಅನ್ನ ಕೊಡುವ ಕಾಡು ಎಂದು ನಾವು ಹೇಳೋಣ. ಇಂಗ್ಲೆಂಡಿನಲ್ಲಿ ರಾಬರ್ಟ್ ಹಾರ್ಟ್ ಎಂಬಾತ ತನ್ನ ಮನೆಯ ಬಳಿಯ ಪುಟ್ಟ ಜಾಗದಲ್ಲಿ ಇಂಥ ತೋಟ ಮಾಡಿ, ಅದಕ್ಕೆ ಏಳು ಅಂತಸ್ತು ಎಂದು ಲೆಕ್ಕ ಹೇಳಿದ. ಅವನಿಗೆ ಪ್ರೇರಣೆಯಾದವುಗಳಲ್ಲಿ ಕೇರಳದ ಮನೆಗಳ ಹಿತ್ತಲೂ ಒಂದು. ನಮ್ಮ ಹಿತ್ತಲನ್ನು ನೋಡಿ ಅವರು ಕಲಿತರು. ನಾವು ಅವರ ಪುಸ್ತಕ ನೋಡಿ ಹಿತ್ತಲಿಗೆ ಮರಳಬೇಕಾಗಿದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಸುಳ್ಳಲ್ಲ ನೋಡಿ!

ಏಳು ಅಂತಸ್ತು ಎಂದರೆ ಮಹಡಿ ಮನೆಯಂತೆ ಎಂದು ತಿಳಿಯಿರಿ. ಮೇಲಿನ ಅಂತಸ್ತಿನಲ್ಲಿ ತೆಂಗು, ಹಲಸು, ಹುಣಸೆ, ನೇರಳೆ. ಅದರ ಕೆಳಗೆ ಸೀಬೆ, ನೆಲ್ಲಿ, ಸೀತಾಫಲ, ನಿಂಬೆ, ನುಗ್ಗೆ. ಅದಕ್ಕೂ ಕೆಳಗೆ ಕರಿಬೇವು, ಬದನೆ, ತೊಗರಿ. ನೆಲದ ಮೇಲೆ ದಂಟು, ಒಂದೆಲಗ, ದೊಡ್ಡಪತ್ರೆ. ನೆಲದೊಳಗೆ ಕೆಸು, ಸುವರ್ಣಗೆಡ್ಡೆ, ಗೆಣಸು, ಅರಿಶಿನ, ಶುಂಠಿ. ಇವೆಲ್ಲವನ್ನೂ ಹಿಡಿದುಕೊಂಡು ಮೇಲೇರುವ ಬಳ್ಳಿಗಳು: ಅವರೆ, ಹೀರೆ, ಬಸಳೆ, ವೀಳ್ಯದೆಲೆ, ಮೆಣಸು. ಮೇಲಿನವನಿಗೆ ಪೂರ್ತಿ ಬಿಸಿಲು, ಕೆಳಗಿನವನಿಗೆ ಸೋಸಿದ ಬಿಸಿಲು. ಒಬ್ಬನ ಬೇರು ಆಳಕ್ಕೆ, ಇನ್ನೊಬ್ಬನದು ಮೇಲ್ಮಣ್ಣಿನಲ್ಲಿ. ಉದುರಿದ ಎಲೆ ಹೊದಿಕೆಯಾಗಿ ತೇವವನ್ನು ಹಿಡಿದಿಡುತ್ತದೆ; ಎರೆಹುಳು ಅದನ್ನು ಗೊಬ್ಬರ ಮಾಡುತ್ತದೆ; ತೊಗರಿ, ಅವರೆಗಳ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಕೊಡುತ್ತವೆ. ಮೊದಲ ಮೂರು ನಾಲ್ಕು ವರ್ಷ ನೀರು, ಕಾವಲು ಬೇಕು. ಆಮೇಲೆ ತೋಟ ತನ್ನನ್ನು ತಾನೇ ಬಹುಮಟ್ಟಿಗೆ ನೋಡಿಕೊಳ್ಳುತ್ತದೆ.

ಮಲೆನಾಡಿನವರಿಗೆ ಇದು ಹೊಸತಲ್ಲ. ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ, ನಡುವೆ ಬಾಳೆ, ಬುಡದಲ್ಲಿ ಏಲಕ್ಕಿ. ಆ ತೋಟದ ಹಿಂದೆ ಸೊಪ್ಪಿನ ಬೆಟ್ಟ. ಬೆಟ್ಟದ ಸೊಪ್ಪು, ತರಗೆಲೆ ಇಲ್ಲದೆ ತೋಟವಿಲ್ಲ. ಕಾಡು ಕೈಬಿಟ್ಟರೆ ತೋಟ ಬಡವಾಗುತ್ತದೆ ಎಂಬುದು ಅವರಿಗೆ ಹಿರಿಯರಿಂದ ಬಂದ ತಿಳಿವಳಿಕೆ. ನಮ್ಮ ಬಯಲುಸೀಮೆಯಲ್ಲಿಯೂ ಇದು ಸಾಧ್ಯವೆಂದು ತೋರಿಸಿದವರು ದೊಡ್ಡಬಳ್ಳಾಪುರದ ಬಳಿ ಮರೇನಹಳ್ಳಿಯಲ್ಲಿ ಬೇಸಾಯ ಮಾಡಿದ ಎಲ್. ನಾರಾಯಣ ರೆಡ್ಡಿಯವರು. 2019ರಲ್ಲಿ ಅವರು ನಮ್ಮನ್ನಗಲಿದರು. ಮರಗಳ ನಡುವೆ ಬೆಳೆ, ಮಣ್ಣಿಗೆ ಎಲೆಯ ಹೊದಿಕೆ, ಬಂದವರಿಗೆಲ್ಲ ಬೋಧನೆ. ಇದೇ ಅವರ ಕಾಯಕವಾಗಿತ್ತು.

ತೋಪು ಏಕೆ ಹೋಯಿತು ಎಂಬುದನ್ನೂ ಹೇಳಬೇಕು. ನಿವೇಶನದ ಆಸೆ ಒಂದು ಕಾರಣ. ಇನ್ನೊಂದು, ಬೇಗ ಹಣ ಬರಲೆಂದು ಒಂದೇ ಜಾತಿಯ ಮರವನ್ನು ನೆಡುವ ಹುಚ್ಚು. 1980ರ ದಶಕದಲ್ಲಿ ಕೋಲಾರ, ತುಮಕೂರು, ಬೆಂಗಳೂರಿನ ಸುತ್ತಲಿನ ರಾಗಿಯ ಹೊಲಗಳಿಗೆಲ್ಲ ನೀಲಗಿರಿ ಬಂದಿತು. ದನ ಮೇಯುವುದಿಲ್ಲ, ಕಾಳಜಿ ಬೇಕಿಲ್ಲ, ಕಾರ್ಖಾನೆ ಕೊಳ್ಳುತ್ತದೆ ಎಂದರು. ದನ ಮೇಯದ ಮರ ಮನುಷ್ಯನಿಗೇನು ಕೊಟ್ಟೀತು? 1983ರ ಆಗಸ್ಟಿನಲ್ಲಿ ತುಮಕೂರು ಜಿಲ್ಲೆಯ ರೈತರು ಒಂದು ಸಸ್ಯಕ್ಷೇತ್ರಕ್ಕೆ ನಡೆದುಹೋಗಿ ನೀಲಗಿರಿ ಸಸಿಗಳನ್ನು ಕಿತ್ತು, ಅದೇ ನೆಲದಲ್ಲಿ ಹುಣಸೆ ಮತ್ತು ಮಾವಿನ ಬೀಜಗಳನ್ನು ಹಾಕಿ ಬಂದರು. ಕಿತ್ತದ್ದನ್ನು ಅನೇಕರು ನೆನೆಸಿಕೊಳ್ಳುತ್ತಾರೆ. ಹಾಕಿದ್ದನ್ನು ನಾವು ನೆನೆಸಿಕೊಳ್ಳಬೇಕು. ಸಿಟ್ಟಿನ ಗಳಿಗೆಯಲ್ಲಿಯೂ ಅವರ ಮಡಿಲಲ್ಲಿ ಬೀಜವಿತ್ತು! ಮೂವತ್ತು ವರ್ಷಗಳು ಕಳೆದ ಮೇಲೆ, 2017ರಲ್ಲಿ, ಸರ್ಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ಇಷ್ಟೆಲ್ಲ ಹೇಳುವ ನಾವು ನಿರ್ದೋಷಿಗಳೇ? ಅಲ್ಲ. ಪೀಠದ ಮೇಲೆ ಕುಳಿತು ಪರರ ದೋಷ ಎಣಿಸುವುದು ಸುಲಭ. ಆದ್ದರಿಂದ ನಮ್ಮ ದೋಷವನ್ನು ಮೊದಲು ಹೇಳುತ್ತೇವೆ. ನಮ್ಮ ಮಠದ ಹಿಂದೆ ಹಿರಿಯ ಗುರುಗಳ ಕಾಲದ ಮರಗಳಿದ್ದವು. ಎರಡು ಮಾವು, ನಾಲ್ಕು ನೇರಳೆ, ಒಂದು ದೊಡ್ಡ ಹುಣಸೆ. ಕಲ್ಯಾಣ ಮಂಟಪ ಕಟ್ಟಬೇಕೆಂದು ಭಕ್ತರು ಬಂದು ಕೇಳಿದಾಗ ನಾವು ಒಪ್ಪಿಗೆ ಕೊಟ್ಟೆವು. ಬಡವರ ಮಕ್ಕಳ ಮದುವೆ ಆಗುತ್ತದೆ, ಒಳ್ಳೆಯ ಕೆಲಸ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆವು. ಮಂಟಪವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದ್ದರೆ ನೇರಳೆಗಳಾದರೂ ಉಳಿಯುತ್ತಿದ್ದವು; ಆ ವಿಚಾರ ಮಾಡುವ ವ್ಯವಧಾನ ನಮಗಿರಲಿಲ್ಲ. ಮರಗಳು ಉರುಳಿದ ದಿನ, ನಿತ್ಯ ಆ ಅಂಗಳ ಗುಡಿಸುತ್ತಿದ್ದ ವೃದ್ಧೆಯೊಬ್ಬಳು ಬಂದು, "ಬುದ್ಧಿ, ನಾಳೆಯಿಂದ ನಾನೇನು ಗುಡಿಸಲಿ?" ಎಂದಳು. ಅಷ್ಟೇ. ಆಕೆ ದೂರಿದ್ದಲ್ಲ, ಬೈದದ್ದಲ್ಲ. ಆದರೆ ನಮಗೆ ಉತ್ತರ ತಿಳಿಯಲಿಲ್ಲ. ಇಂದಿಗೂ ತಿಳಿದಿಲ್ಲ.

ಈಗ ಇನ್ನೊಂದು ಸಂಗತಿ. ಕಳೆದ ಅಮಾವಾಸ್ಯೆಯ ದಿನ ಆನೇಕಲ್ಲು ಕಡೆಯ ಹಿರಿಯ ರೈತರೊಬ್ಬರು ಮಠಕ್ಕೆ ಬಂದಿದ್ದರು. ಪ್ರಸಾದವಾದ ಮೇಲೆ ಹತ್ತಿರ ಬಂದು ಹೇಳಿದರು: "ಬುದ್ಧಿ, ನನ್ನ ಎರಡೆಕರೆ ಅಂಚಿನಾಗೆ ಹನ್ನೊಂದು ಹಲಸಿನ ಮರ ಇವೆ. ನಮ್ಮಪ್ಪ ನೆಟ್ಟವು. ಹಣ್ಣು ಬಿದ್ದು ಬಿದ್ದು ಕೊಳೆಯುತ್ತೆ. ವ್ಯಾಪಾರಿ ಕೇಳೋ ಬೆಲೆಗೆ ಕೀಳೋ ಕೂಲಿನೂ ಹುಟ್ಟಲ್ಲ. ಮಕ್ಕಳು ಜಮೀನು ಮಾರೋಣ ಅಂತಾರೆ. ನಾನು ಏನು ಮಾಡಲಿ?"

ಅವರಿಗೆ ವಿಭೂತಿ ಕೊಟ್ಟು, ಆತುರ ಪಡಬೇಡಿ ಎಂದು ಕಳುಹಿಸಿದೆವು. ಅದು ಉತ್ತರವಲ್ಲ ಎಂಬುದು ನಮಗೂ ಗೊತ್ತು, ಅವರಿಗೂ ಗೊತ್ತು. ಅದೇ ದಿನ ಸಂಜೆ ಈ ಬಡಾವಣೆಯ ಒಬ್ಬ ತಾಯಿ ಮಾತಿನ ನಡುವೆ, "ರಸ್ತೆ ಬದಿಯಲ್ಲಿ ಹಲಸಿನ ತೊಳೆಯನ್ನು ಎಣಿಸಿ ಕೊಡುತ್ತಾರೆ ಸ್ವಾಮೀಜಿ, ಆ ಬೆಲೆಗೆ ಮನೆಮಂದಿಗೆಲ್ಲ ತರುವುದು ಹೇಗೆ?" ಎಂದರು. ಆಗ ನಮಗೆ ಹೊಳೆಯಿತು. ಆ ರೈತರೂ ಈ ತಾಯಿಯೂ ಅಂದು ಮಧ್ಯಾಹ್ನ ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸಿದ್ದರು. ನಡುವೆ ನಾಲ್ಕು ಎಲೆಗಳ ಅಂತರ. ಒಬ್ಬರ ಮನೆಯಲ್ಲಿ ಹಣ್ಣು ಕೊಳೆಯುತ್ತಿದೆ. ಇನ್ನೊಬ್ಬರ ಮನೆಯಲ್ಲಿ ಹಣ್ಣಿಲ್ಲ. ಒಬ್ಬರನ್ನೊಬ್ಬರು ಮಾತನಾಡಿಸಲಿಲ್ಲ!

ಶರಣರೇ, ನಮ್ಮ ಕಾಲದ ರೋಗ ಇದೇ. ನೆಲ ಇನ್ನೂ ಪೂರ್ತಿ ಸತ್ತಿಲ್ಲ, ಮರ ಇನ್ನೂ ಪೂರ್ತಿ ಹೋಗಿಲ್ಲ. ಬೆಳೆಯುವವನಿಗೂ ಉಣ್ಣುವವನಿಗೂ ನಡುವಿನ ದಾರಿ ಮುಚ್ಚಿಹೋಗಿದೆ. ಬೆಳೆಯುವವನಿಗೂ ಬೆಳೆಯುವವನಿಗೂ ನಡುವಿನ ದಾರಿಯೂ ಮುಚ್ಚಿಹೋಗಿದೆ.

ಹಿಂದೆ ಈ ದಾರಿ ತೆರೆದಿತ್ತು. ಬಸವನಗುಡಿಯ ಕಡಲೆಕಾಯಿ ಪರಿಷೆಗೆ ನೀವೆಲ್ಲ ಹೋಗಿದ್ದೀರಿ. ಕಾರ್ತಿಕದ ಕಡೆಯ ಸೋಮವಾರ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿಯ ರೈತರು ತಾವು ಬೆಳೆದ ಮೊದಲ ಕಡಲೆಕಾಯಿಯನ್ನು ಬಸವಣ್ಣನಿಗೆ ಅರ್ಪಿಸಿ ಪೇಟೆಯ ಜನರಿಗೆ ಮಾರುತ್ತಿದ್ದರು ಎಂಬುದು ಅದರ ಹಿನ್ನೆಲೆ. ಆ ಊರುಗಳಲ್ಲಿ ಈಗ ಕಡಲೆಕಾಯಿ ಬೆಳೆಯುವ ಹೊಲವಿಲ್ಲ. ಪರಿಷೆ ಮಾತ್ರ ನಿಂತಿಲ್ಲ. ಬೆಳೆದವನ ಮುಖವನ್ನು ನೋಡಿ ಕೊಳ್ಳುವ ಸುಖವನ್ನು ಜನ ಮರೆತಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಪರಮಪೂಜ್ಯ ಶಿವಕುಮಾರ ಮಹಾಸ್ವಾಮಿಗಳು ಸಾವಿರಾರು ಮಕ್ಕಳಿಗೆ ನಿತ್ಯ ಅನ್ನವಿಕ್ಕಿದರು. 2019ರಲ್ಲಿ ಅವರು ಲಿಂಗೈಕ್ಯರಾದ ಮೇಲೂ ಆ ಒಲೆ ಆರಿಲ್ಲ. ಹಳ್ಳಿಹಳ್ಳಿಯ ರೈತರು ತಮ್ಮ ಫಸಲಿನ ಪಾಲನ್ನು ಮಠಕ್ಕೆ ಮುಟ್ಟಿಸಿದ್ದರಿಂದಲೇ ಆ ಒಲೆ ಉರಿಯಿತು. ದಾಸೋಹವೆಂದರೆ ಬಡಿಸುವುದು ಮಾತ್ರವಲ್ಲ. ಬೆಳೆದವನನ್ನೂ ಹಸಿದವನನ್ನೂ ಕೂಡಿಸುವುದು.

ಈಗಿನ ಕಾಲದಲ್ಲಿ ಇದನ್ನು ಮಾಡಿದವರು ಇದ್ದಾರೆ. 1988ರಲ್ಲಿ ಪುತ್ತೂರಿನಲ್ಲಿ 'ಅಡಿಕೆ ಪತ್ರಿಕೆ' ಎಂಬ ಮಾಸಪತ್ರಿಕೆ ಹುಟ್ಟಿತು. ಕಾಸರಗೋಡು ಜಿಲ್ಲೆಯ ಕನ್ನಡಿಗ ಕೃಷಿಕ ಶ್ರೀ ಪಡ್ರೆಯವರು ಅದರ ಹಿಂದಿನ ಶಕ್ತಿ. ಕೃಷಿಕರ ಕೈಗೆ ಲೇಖನಿ ಕೊಡಬೇಕು ಎಂಬುದು ಅವರ ಸಂಕಲ್ಪ. ಒಬ್ಬ ರೈತ ತನ್ನ ತೋಟದಲ್ಲಿ ಕಂಡುಕೊಂಡದ್ದನ್ನು ತಾನೇ ಬರೆದ. ನೂರು ಮೈಲಿ ಆಚೆಯ ಇನ್ನೊಬ್ಬ ರೈತ ಓದಿದ, ಕಾಗದ ಬರೆದ, ಬಸ್ಸು ಹತ್ತಿ ನೋಡಲು ಬಂದ. ಹಲಸು ಎಂದರೆ ಮೂಗು ಮುರಿಯುತ್ತಿದ್ದವರಿಗೆ ಹಲಸಿನ ಬೆಲೆಯನ್ನು ಆ ಪತ್ರಿಕೆ ವರ್ಷಾನುಗಟ್ಟಲೆ ತಿಳಿಸಿ ಹೇಳಿತು.

ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆಯಲ್ಲಿ ಹಲಸು ಬೆಳೆಗಾರರು ಕೃಷಿ ವಿಶ್ವವಿದ್ಯಾನಿಲಯದ ಮಾರ್ಗದರ್ಶನ ಪಡೆದು ಸಂಘ ಕಟ್ಟಿಕೊಂಡರು. ತುಮಕೂರು ಜಿಲ್ಲೆಯ ಚೇಳೂರಿನಲ್ಲಿ ಒಬ್ಬ ರೈತನ ಜಮೀನಿನಲ್ಲಿ ತಂದೆ ನೆಟ್ಟ ಒಂದು ಹಲಸಿನ ಮರವಿತ್ತು. ಸಣ್ಣ ಹಣ್ಣು, ಎರಡೂವರೆ ಕಿಲೋ ಆಸುಪಾಸು; ತೊಳೆ ತಾಮ್ರದ ಕೆಂಪು. ಹಿರೇಹಳ್ಳಿಯ ತೋಟಗಾರಿಕಾ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಅದರ ಗುಣವನ್ನು ಗುರುತಿಸಿ, 2017ರಲ್ಲಿ ಆ ರೈತನೊಡನೆಯೇ ಒಪ್ಪಂದ ಮಾಡಿಕೊಂಡು ಕಸಿ ಗಿಡಗಳನ್ನು ಬೆಳೆಸಲು ತೊಡಗಿದರು. ಬಂದ ಹಣದಲ್ಲಿ ಹೆಚ್ಚಿನ ಪಾಲು ರೈತನಿಗೆ. ತಳಿಗೆ 'ಸಿದ್ದು' ಎಂದು ನೆಟ್ಟ ತಂದೆಯ ಹೆಸರೇ ಬಂದಿತು. ಆ ಮರ ಅಷ್ಟು ವರ್ಷ ಅಲ್ಲಿಯೇ ಇತ್ತು. ನೋಡುವ ಕಣ್ಣು ಮತ್ತು ನೆಟ್ಟ ಕೈ ಕೂಡಿದ ದಿನ ಅದರ ಭಾಗ್ಯ ತೆರೆಯಿತು.

ಜೋಯಿಡಾದ ಕಾಡಿನ ನಡುವೆ ಕುಣಬಿ ಜನ ತಾವು ಕಾಪಾಡಿಕೊಂಡು ಬಂದ ಗೆಡ್ಡೆ ಗೆಣಸುಗಳನ್ನೆಲ್ಲ ತಂದು ಹರಡಿ ಮೇಳ ಮಾಡುತ್ತಾರೆ. 'ಸಹಜ ಸಮೃದ್ಧ' ಎಂಬ ಬಳಗದವರು ದೇಸಿ ಬೀಜಗಳ ಮೇಳಗಳನ್ನು ನಡೆಸುತ್ತಾರೆ. ನಿಮ್ಮ ಬೆಂಗಳೂರಿನಲ್ಲಿಯೇ, ಕೃಷಿ ವಿಶ್ವವಿದ್ಯಾನಿಲಯದಲ್ಲಿ ಕೀಟಶಾಸ್ತ್ರಜ್ಞರಾಗಿದ್ದ ಡಾ. ಬಿ. ಎನ್. ವಿಶ್ವನಾಥ್ ಅವರು ತಾರಸಿಯ ಮೇಲೆ ತರಕಾರಿ ಬೆಳೆಯುವುದನ್ನು ಮನೆಮನೆಗೆ ಕಲಿಸಿದರು. 2011ರಿಂದ ಆ ತಾರಸಿ ತೋಟದವರೆಲ್ಲ 'ಊಟ ಫ್ರಮ್ ಯುವರ್ ತೋಟ' ಎಂಬ ಹೆಸರಿನಲ್ಲಿ ಒಂದೆಡೆ ಸೇರಿ ಬೀಜ, ಸಸಿ, ಅನುಭವಗಳನ್ನು ಹಂಚಿಕೊಳ್ಳತೊಡಗಿದರು.

ಹನ್ನೆರಡನೆಯ ಶತಮಾನದಲ್ಲಿ ಅನುಭವ ಮಂಟಪದಲ್ಲಿ ಆದದ್ದಾದರೂ ಏನು? ಬಟ್ಟೆ ಮಡಿ ಮಾಡುವ ಮಾಚಿದೇವ, ದೋಣಿ ನಡೆಸುವ ಚೌಡಯ್ಯ, ಹಗ್ಗ ಹೊಸೆಯುವ ಚಂದಯ್ಯ, ಒಕ್ಕಲುತನದ ಮುದ್ದಣ್ಣ, ಎಲ್ಲರೂ ತಮ್ಮ ತಮ್ಮ ಕಾಯಕದಿಂದ ಎದ್ದು ಬಂದು ಸಮನಾಗಿ ಕುಳಿತರು. ಮಡಿವಾಳ ಎಂಬ ನಿಮ್ಮ ಊರಿನ ಹೆಸರು ಕೇಳಿದಾಗಲೆಲ್ಲ ನಮಗೆ ಮಾಚಿದೇವರ ನೆನಪಾಗುತ್ತದೆ. ಕೈಯ ಕೆಲಸ ಬಲ್ಲವರು ಒಂದೆಡೆ ಕುಳಿತರೆ ಅಲ್ಲಿ ಅನುಭಾವ ಹುಟ್ಟುತ್ತದೆ.

ನೀವು ಕೇಳಬಹುದು: "ನಮಗೆ ಭೂಮಿ ಎಲ್ಲಿದೆ ಸ್ವಾಮೀಜಿ? 30 ಅಡಿ 40 ಅಡಿ ನಿವೇಶನ, ಅದರ ತುಂಬ ಮನೆ." ಸರಿ, ಲೆಕ್ಕ ಹಾಕೋಣ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 900 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ನಿಮ್ಮ 1,200 ಚದರ ಅಡಿಯ ಮೇಲೆ ಬೀಳುವ ನೀರು ವರ್ಷಕ್ಕೆ ಸುಮಾರು ಒಂದು ಲಕ್ಷ ಲೀಟರು. ಅದೆಲ್ಲ ಚರಂಡಿಗೆ ಹೋಗುತ್ತಿದೆ. ಬಾಗಿಲ ಬಳಿ ಒಂದು ನುಗ್ಗೆ, ಒಂದು ಕರಿಬೇವು, ಒಂದು ಪಪ್ಪಾಯಿ. ತಾರಸಿಯ ಮೇಲೆ ನಾಲ್ಕು ಕುಂಡಗಳಲ್ಲಿ ಸೊಪ್ಪು. ಮೆಟ್ಟಿಲ ಕಂಬಿಗೆ ಒಂದು ಬಸಳೆ. ಇಷ್ಟಕ್ಕೆ ಜಾಗವಿಲ್ಲದ ಮನೆ ಯಾವುದು? ಒಂದು ಮನೆಯಲ್ಲಿ ಏಳು ಅಂತಸ್ತು ಆಗದಿರಬಹುದು. ಒಂದು ಬೀದಿಯಲ್ಲಿ ಆಗುತ್ತದೆ. ಒಬ್ಬನ ಮನೆಯ ತೆಂಗು, ಪಕ್ಕದವನ ಸೀಬೆ, ಎದುರಿನವನ ಅವರೆ ಚಪ್ಪರ. ನಡುವಿನ ಗೋಡೆ ಮಾತ್ರ ಮನಸ್ಸಿನಿಂದ ಹೋಗಬೇಕು.

ಗೋಡೆಯ ಮಾತು ಬಂದಿತಲ್ಲ, ಒಂದು ದೃಷ್ಟಾಂತ ಹೇಳುತ್ತೇವೆ. ಒಂದು ಊರಿನಲ್ಲಿ ನೆರೆಹೊರೆಯ ಇಬ್ಬರು. ಒಬ್ಬನ ನುಗ್ಗೆಯ ಕೊಂಬೆ ಇನ್ನೊಬ್ಬನ ಅಂಗಳಕ್ಕೆ ಬಾಗಿತ್ತು. ಎಲೆ ಉದುರುತ್ತದೆ, ಕಂಬಳಿಹುಳು ಬೀಳುತ್ತದೆ ಎಂದು ಪಕ್ಕದವನು ಜಗಳ ತೆಗೆದ. ಮರದವನು, "ಕಾಯಿ ನನ್ನದು, ಮುಟ್ಟಬೇಡ" ಎಂದ. ಮಾತಿಗೆ ಮಾತು ಬೆಳೆದು, ಒಂದು ರಾತ್ರಿ ಕೊಂಬೆ ಕಡಿದುಹೋಯಿತು. ಮರುವಾರ ಸಿಟ್ಟಿಗೆ ಮರದವನೇ ಮರ ಕಡಿದ. ಆಷಾಢದಲ್ಲಿ ಇಬ್ಬರ ಹೆಂಡಿರೂ ಒಂದೇ ಗಾಡಿಯವನ ಬಳಿ ನುಗ್ಗೆಕಾಯಿ ಕೊಳ್ಳುತ್ತ ನಿಂತಿದ್ದರು! ಎಲೆ ಮಾತ್ರ ಕೊಟ್ಟು ಕಾಯಿ ಕೊಡದಿದ್ದರೆ ಮರ ಹಗೆಯಾಗುತ್ತದೆ. ಕಾಯಿಯನ್ನೂ ಕೊಟ್ಟರೆ ಎಲೆ ಗುಡಿಸುವುದು ಭಾರವಾಗುವುದಿಲ್ಲ.

ಸೀಮೆಬದನೆಕಾಯಿಯನ್ನು ನೋಡಿ. ದೂರದ ಅಮೆರಿಕ ಖಂಡದ ಬಳ್ಳಿ. ಲಾಲ್‌ಬಾಗಿನ ಮೂಲಕ ಇಲ್ಲಿ ಹಬ್ಬಿ, ತಮಿಳರ ಬಾಯಲ್ಲಿ 'ಬೆಂಗಳೂರು ಬದನೆಕಾಯಿ' ಆಯಿತು. ಅದರ ಬೀಜವನ್ನು ಬಿಡಿಸಿ ಮಾರಲು ಬರುವುದಿಲ್ಲ. ಬಲಿತ ಕಾಯಿ ಬುಟ್ಟಿಯಲ್ಲಿಯೇ ಮೊಳಕೆಯೊಡೆಯುತ್ತದೆ. ಕಾಯಿಯನ್ನು ಹಾಗೆಯೇ ನೆಡಬೇಕು. ಆದ್ದರಿಂದ ಅದು ಹಬ್ಬಿದ್ದೆಲ್ಲ ಕೈಯಿಂದ ಕೈಗೆ, ಮನೆಯಿಂದ ಮನೆಗೆ. ಕೊಟ್ಟಲ್ಲದೆ ಬೆಳೆಯದ ಬಳ್ಳಿ ಅದು.

ಇನ್ನು ನಮ್ಮ ಮಠದ ಮಾತು. ಮಠದ ಹಿತ್ತಲಿನಲ್ಲಿ ಒಂದೂವರೆ ಎಕರೆ ಉಳಿದಿದೆ. ಅಲ್ಲಿ ಅಂಗಡಿ ಮಳಿಗೆಗಳನ್ನು ಕಟ್ಟಿದರೆ ಬಾಡಿಗೆ ಬರುತ್ತದೆ, ಆ ಬಾಡಿಗೆಯಿಂದ ದಾಸೋಹ ನಡೆಯುತ್ತದೆ ಎಂದು ಹಿತೈಷಿಗಳು ಸಲಹೆ ಕೊಟ್ಟಿದ್ದಾರೆ. ಅವರ ಕಳಕಳಿ ನಿಜವಾದದ್ದು. ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಅಕ್ಕಿ ಬೇಳೆಗಳ ಬೆಲೆ ನಮಗೂ ಗೊತ್ತು. ತೋಪು ನೆಟ್ಟರೆ ಪಪ್ಪಾಯಿ, ಬಾಳೆ, ನುಗ್ಗೆ ಒಂದು ವರ್ಷದಲ್ಲಿ ಫಲ ಕೊಡಬಹುದು. ಕಸಿ ಮಾವಿಗೆ ನಾಲ್ಕೈದು ವರ್ಷ. ಬೀಜದ ಹಲಸಿಗೆ ಏಳೆಂಟು ವರ್ಷ. ಹುಣಸೆಗೆ ಇನ್ನೂ ಹೆಚ್ಚು. ಬಾಡಿಗೆಯಷ್ಟು ಹಣ ತೋಪಿನಿಂದ ಬಾರದು. ಇದನ್ನು ಮುಚ್ಚಿಟ್ಟು ನಿಮಗೆ ಆಸೆ ಹುಟ್ಟಿಸುವುದಿಲ್ಲ.

ಆದರೂ ನಾವು ತೋಪನ್ನೇ ಬಯಸುತ್ತೇವೆ. ಏಕೆಂದರೆ ಬಾಡಿಗೆಯಿಂದ ನಡೆಯುವ ದಾಸೋಹಕ್ಕೆ ನಿಮ್ಮ ಅಗತ್ಯವಿಲ್ಲ. ಚೆಕ್ಕು ಬರುತ್ತದೆ, ಅನ್ನ ಬೇಯುತ್ತದೆ, ನೀವು ಬಂದು ಉಂಡು ಹೋಗುತ್ತೀರಿ. ತೋಪಿನ ದಾಸೋಹಕ್ಕೆ ನಿಮ್ಮ ಕೈ ಬೇಕು. ಗುಂಡಿ ತೋಡಲು ಬೇಕು, ನೀರು ಹಾಕಲು ಬೇಕು, ಬೇಲಿ ಕಾಯಲು ಬೇಕು. ಕೈ ಕೆಸರಾಗದ ಭಕ್ತಿ ಬಾಯಿಮಾತಿನ ಭಕ್ತಿಯಾಗಿ ಉಳಿಯುವ ಭಯ ನಮಗಿದೆ. 30 ಅಡಿಗೊಂದರಂತೆ ನೆಟ್ಟರೆ ಎಕರೆಗೆ 48 ದೊಡ್ಡ ಮರಗಳು ಹಿಡಿಯುತ್ತವೆ. ಒಂದೂವರೆ ಎಕರೆಗೆ 72. ಒಂದೊಂದು ಮರಕ್ಕೆ ಒಂದೊಂದು ಮನೆಯವರು ಹೊಣೆ ಹೊರಲಿ. ಹಣ ಕೊಟ್ಟು ಹೆಸರು ಬರೆಸುವ ಹೊಣೆಯಲ್ಲ, ಬಂದು ನೀರೆರೆಯುವ ಹೊಣೆ. ಮರಕ್ಕೆ ಯಾರ ಹೆಸರಿನ ಫಲಕವೂ ಬೇಡ. ನಲ್ಲೂರಿನ ಹುಣಸೆಗೆ ಫಲಕವಿದೆಯೇ?

ಎರಡನೆಯದು, ಮಠದಲ್ಲಿ ಒಂದು ದಪ್ಪ ಲೆಕ್ಕದ ಪುಸ್ತಕ ಇಡಿಸುತ್ತೇವೆ. ಅದರಲ್ಲಿ ಕಾಣಿಕೆಯ ಲೆಕ್ಕವಿರುವುದಿಲ್ಲ. ಎಡಗಡೆಯ ಪುಟದಲ್ಲಿ 'ನಮ್ಮಲ್ಲಿ ಇದೆ' ಎಂದು ಬರೆಯಿರಿ: ಹಲಸು, ತೆಂಗಿನ ಸಸಿ, ಕೊಟ್ಟಿಗೆ ಗೊಬ್ಬರ, ತರಗೆಲೆ, ಗಿಡ ಕಸಿ ಮಾಡುವ ಕೈ, ಭಾನುವಾರದ ಬಿಡುವು. ಬಲಗಡೆಯಲ್ಲಿ 'ನಮಗೆ ಬೇಕು' ಎಂದು ಬರೆಯಿರಿ. ಪ್ರತಿ ಅಮಾವಾಸ್ಯೆ ಪ್ರಸಾದಕ್ಕೆ ಮುಂಚೆ ಆ ಪುಸ್ತಕವನ್ನು ಎಲ್ಲರ ಎದುರು ಓದಿಸುತ್ತೇವೆ. ಬರುವಾಗ ಬರಿಗೈಯಲ್ಲಿ ಬರಬೇಡಿ; ಒಂದು ಹಿಡಿ ಬೀಜ, ಒಂದು ಕಡ್ಡಿ, ಒಂದು ಸಸಿ ತನ್ನಿ. ಹೋಗುವಾಗ ಬೇರೆಯವರದನ್ನು ಒಯ್ಯಿರಿ.

ಒಯ್ಯುವಾಗ ಒಂದು ಎಚ್ಚರ. ಆಯ್ದಕ್ಕಿ ಮಾರಯ್ಯ ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಏನು ಮಾಡಿದಳು? ಇಷ್ಟು ನಮಗೆ ಬೇಡ, ಇದ್ದಲ್ಲಿಯೇ ಸುರಿದು ಬಾ ಎಂದಳು. ತೋಪಿನ ಹಣ್ಣಿಗೂ ಇದೇ ನೀತಿ. ಮನೆಗೆ ಬೇಕಾದಷ್ಟು ಒಯ್ಯುವುದು ಪ್ರಸಾದ. ಮೂಟೆ ಕಟ್ಟಿ ಒಯ್ಯುವುದು ಕಳವು. ಮಕ್ಕಳು ಬೇಲಿ ಹಾರಿ ನಾಲ್ಕು ನೇರಳೆ ತಿಂದರೆ ಬೈಯಬೇಡಿ. ಇಂದು ನೇರಳೆ ಕದ್ದ ಹುಡುಗನೇ ನಾಳೆ ಆ ಮರ ಕಡಿಯಲು ಬಂದವನಿಗೆ ಅಡ್ಡ ನಿಲ್ಲುವವನು.

ಆನೇಕಲ್ಲಿನ ಆ ಹಿರಿಯರು ಇಂದು ಈ ಸಭೆಯಲ್ಲಿದ್ದಾರೆ. ಹಿಂದಿನ ಸಾಲಿನಲ್ಲಿ ಕುಳಿತಿರುವುದನ್ನು ನಾವು ಕಂಡೆವು. ಯಜಮಾನರೇ, ಅಂದು ನಿಮಗೆ ಉತ್ತರ ಕೊಡಲಾಗಲಿಲ್ಲ. ಇಂದೂ ನಮ್ಮ ಬಳಿ ಪೂರ್ತಿ ಉತ್ತರವಿಲ್ಲ. ಉತ್ತರ ಈ ಸಭೆಯಲ್ಲಿದೆ. ಪುಸ್ತಕದ ಮೊದಲ ಪುಟದ ಮೊದಲ ಸಾಲನ್ನು ನೀವೇ ಬರೆಸಿ: ಹನ್ನೊಂದು ಹಲಸಿನ ಮರ. ಬರುವ ಸುಗ್ಗಿಗೆ ಈ ಬಡಾವಣೆಯ ಎಷ್ಟು ಮನೆಯವರು ನಿಮ್ಮಿಂದ ನೇರವಾಗಿ ಹಣ್ಣು ಕೊಳ್ಳುತ್ತಾರೆ, ಎಷ್ಟು ತಾಯಂದಿರು ನಿಮ್ಮ ಅಂಗಳಕ್ಕೆ ಬಂದು ಹಪ್ಪಳ ಒತ್ತುತ್ತಾರೆ, ಎಳೆಯ ಕಾಯಿಯನ್ನು ಪಲ್ಯಕ್ಕೆ ಎಷ್ಟು ಜನ ಕೇಳುತ್ತಾರೆ, ಇವತ್ತೇ ಕೈ ಎತ್ತಿ ಹೇಳಲಿ. ಹಸಿದು ಹಲಸು, ಉಂಡು ಮಾವು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಹಲಸು ಹಸಿದವನ ಹಣ್ಣು. ಅದು ಬಿದ್ದು ಕೊಳೆಯಬಾರದು. ಇಷ್ಟಾದ ಮೇಲೆಯೂ ನಿಮ್ಮ ಮಕ್ಕಳು ಮಾರುತ್ತೇವೆಂದರೆ ನಾವು ಅವರನ್ನು ಬೈಯುವುದಿಲ್ಲ. ಸಾಲ ಇರುವವನಿಗೆ ಉಪದೇಶ ಉಣಿಸಬಾರದು. ಆದರೆ ಕೊಳ್ಳುವವರಿಲ್ಲದೆ ಮಾರಿದರು ಎಂಬ ಅಪವಾದ ಈ ಸಭೆಯ ಮೇಲೆ ಬರಬಾರದು.

ಮಾರುಕಟ್ಟೆಯ ಆ ಸೊಪ್ಪಿನ ತಾಯಿಗೂ ನಾವು ಮಾತು ಕೊಟ್ಟು ಬಂದಿದ್ದೇವೆ. ಮಠದ ತೋಪಿನ ಬುಡದಲ್ಲಿ ಹುಟ್ಟುವ ಬೆರಕೆ ಸೊಪ್ಪು ಆಕೆಯದು. ಆಕೆ ನಂಬಿದಳೋ ಇಲ್ಲವೋ ತಿಳಿಯದು. "ನೋಡಾಣ ಬುದ್ಧಿ" ಎಂದಳು. ನಮ್ಮನ್ನು ಸತ್ಯವಂತರನ್ನಾಗಿ ಮಾಡುವುದು ಈಗ ನಿಮ್ಮ ಕೈಯಲ್ಲಿದೆ.

ಈ ಸಲದ ಮುಂಗಾರಿಗೆ ಗುಂಡಿಗಳು ಸಿದ್ಧವಾಗಲಿ. ಮೊದಲ ಗುಂಡಿಯನ್ನು ನಾವೇ ತೋಡುತ್ತೇವೆ. ಅದರಲ್ಲಿ ನೆಡುವುದು ನೇರಳೆ. ಅಂಗಳ ಗುಡಿಸುತ್ತಿದ್ದ ಆ ವೃದ್ಧೆ ಈಗಿಲ್ಲ. ಆಕೆಯ ಪ್ರಶ್ನೆಗೆ ನಾವು ಕೊಡಬಹುದಾದ ಉತ್ತರ ಅದೊಂದೇ. ಆ ಮರದ ಹಣ್ಣನ್ನು ನಾವು ತಿನ್ನುತ್ತೇವೋ ಇಲ್ಲವೋ, ಅದರ ಚಿಂತೆ ನಮಗಿಲ್ಲ. ಉದುರಿದ ಎಲೆಯನ್ನು ಗುಡಿಸಲು ಯಾರಾದರೂ ಬರುತ್ತಾರೆ.